ರಾತ್ರಿ ಓದಲು ಯಾವ ಚಿತ್ರಪುಸ್ತಕ?

ಪ್ರಶ್ನೆ: ನನ್ನ ಮಗಳಿಗೆ ನಾಲ್ಕು ವರ್ಷ. ಮಲಗಿಸುವಾಗ ದಿನಾ ಚಿತ್ರಪುಸ್ತಕ ಓದುತ್ತೇನೆ. ಕೆಲವು ಪುಸ್ತಕ ಓದಿದ್ರೆ ನಿದ್ದೆ ಬರೋದಿರಲಿ, ಎದ್ದು ಹಾಸಿಗೆ ಮೇಲೆ ಕುಣಿಯುತ್ತಾಳೆ. ರಾತ್ರಿಗೆ ಯಾವುದು ಸರಿ ಅಂತ ಕೊಳ್ಳುವಾಗಲೇ ತಿಳಿಯೋದು ಹೇಗೆ?
– ಒಬ್ಬ ತಾಯಿ, ಹಾಸನ

ಉತ್ತರ: ಮುಖಪುಟ ಆಮೇಲೆ ನೋಡಿ, ಮೊದಲು ಕೊನೆಯ ಏಳೆಂಟು ಪುಟ ತೆರೆಯಿರಿ. ಚಿತ್ರಪುಸ್ತಕಗಳು ಸಾಮಾನ್ಯವಾಗಿ 32 ಪುಟ ಇರುತ್ತವೆ. ಕಳೆದುಹೋದ ಕರು ಮೂವತ್ತನೇ ಪುಟದವರೆಗೂ ಸಿಗದೆ, ಕೊನೆಗೆ ದಿಢೀರನೆ ಸಿಕ್ಕಿ, ಊರವರೆಲ್ಲ ಹೋ ಅಂತ ಕೂಗುವಲ್ಲಿಗೆ ಕಥೆ ಮುಗಿದರೆ ಮಗುವಿನ ಮನಸ್ಸು ಆ ಗದ್ದಲದಲ್ಲೇ ಉಳಿದುಬಿಡುತ್ತದೆ. ಅದೂ ಒಳ್ಳೆಯ ಪುಸ್ತಕವೇ ಇರಬಹುದು, ಹಗಲು ಓದಿ. ರಾತ್ರಿಯ ಕಥೆಯಲ್ಲಿ ಕರು ಸ್ವಲ್ಪ ಮುಂಚೆಯೇ ಸಿಗಬೇಕು. ಆಮೇಲೆ ಅದು ತಾಯಿ ಹತ್ತಿರ ಹೋಗಿ, ಹಾಲು ಕುಡಿದು, ಕೊಟ್ಟಿಗೆಯಲ್ಲಿ ಮಲಗೋಕೂ ಪುಟಗಳಿರಬೇಕು.

ಕೊನೆಯಲ್ಲಿ ‘ಕಥೆಯ ನೀತಿ’ ಅಂತ ಹಾಕಿ, ಕೆಳಗೆ ಪ್ರಶ್ನೆಗಳನ್ನೂ ಕೊಟ್ಟಿರುವ ಪುಸ್ತಕ ರಾತ್ರಿಗೆ ಬೇಡವೇ ಬೇಡ. ದಿಂಬಿಗೆ ತಲೆ ಕೊಟ್ಟ ಮಗುವಿಗೆ ಯಾಕೆ ಪರೀಕ್ಷೆ?

ಇನ್ನು ಚಿತ್ರ. ಅಕ್ಷರ ಬಾರದ ಮಗು ಓದೋದು ಚಿತ್ರವನ್ನೇ ಅಲ್ವಾ? ನೀವು ‘ಬೆಕ್ಕು ಎಲ್ಲೂ ಕಾಣಲಿಲ್ಲ’ ಅಂತ ಓದುವಾಗ ಅವಳಿಗೆ ಕಣಜದ ಹಿಂದೆ ಬಾಲದ ತುದಿ ಕಂಡರೆ, ಅಂಥ ಪುಸ್ತಕವನ್ನು ಬಿಡಬೇಡಿ. ಮಾತು ಹೇಳಿದ್ದನ್ನೇ ಚಿತ್ರವೂ ಹೇಳಿದರೆ ಮಗುವಿಗೆ ಕೆಲಸವೇ ಇರೋದಿಲ್ಲ. ಹಾಗಂತ ಇಡೀ ಜಾತ್ರೆಯನ್ನು ಒಂದೇ ಪುಟಕ್ಕೆ ತುಂಬಿದ್ದರೆ ಅವಳು ಬೆರಳಿಟ್ಟು ಬಲೂನು ಎಣಿಸುತ್ತಾ ಕೂರುತ್ತಾಳೆ, ನಿದ್ದೆ ದೂರ ಹೋಗುತ್ತೆ.

ಎರಡು ಪುಟ ಬಾಯಿಬಿಟ್ಟು ಓದಿ ನೋಡಿ, ಅಂಗಡಿಯಲ್ಲಾದರೂ ಸಂಕೋಚ ಬೇಡ. ಉಸಿರು ಎಲ್ಲೆಲ್ಲೋ ಸಿಕ್ಕಿಕೊಳ್ಳುವ ಉದ್ದುದ್ದ ವಾಕ್ಯಗಳಿದ್ದರೆ ದಿನವೂ ಓದೋಕೆ ನಿಮಗೇ ಬೇಸರವಾಗುತ್ತದೆ. ಮತ್ತೆ ಮತ್ತೆ ಬರುವ ಒಂದು ಸಾಲು ಇದ್ದರೆ ತುಂಬಾ ಒಳ್ಳೆಯದು, ನಾಲ್ಕು ದಿನದಲ್ಲಿ ಅವಳೂ ಜೊತೆಗೆ ಹೇಳುತ್ತಾಳೆ. ಕಾಗದವನ್ನೂ ನೋಡಿ. ಜಾಸ್ತಿ ಹೊಳೆಯುವ ಹಾಳೆ ರಾತ್ರಿ ಬಲ್ಬಿನ ಬೆಳಕಿಗೆ ಕಣ್ಣು ಕುಕ್ಕುತ್ತದೆ. ಕಡುನೀಲಿ ಚಿತ್ರದ ಮೇಲೆ ಸಣ್ಣ ಕಪ್ಪು ಅಕ್ಷರ ಇದ್ದರಂತೂ ಓದೋಕೇ ಆಗೋದಿಲ್ಲ.

ದುಡ್ಡು ಕೊಡುವ ಮೊದಲು ಒಂದಷ್ಟು ಓದಿ ನೋಡಬೇಕು ಅಂದರೆ, ಬೆಂಗಳೂರಿನಲ್ಲಿ ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ. ನೀವು ಹಗಲು ಬಿಡುವಿನಲ್ಲಿ ಓದಿ, ಹಿಡಿಸಿದವುಗಳಲ್ಲಿ ಅಚ್ಚಾದ ಪ್ರತಿ ಸಿಗುವುದನ್ನು ತರಿಸಿಕೊಳ್ಳಿ. ಹಾಸಿಗೆಗೆ ಮಾತ್ರ ಫೋನ್ ತರಬೇಡಿ.