ಸೈಕಲ್ ಸವಾರರ ಸಾವಿನ ಲೆಕ್ಕ: ಎರಡು ಕಡೆ ಎರಡು ಸಂಖ್ಯೆ ಯಾಕೆ?

ಒಂದೇ ದೇಶ, ಒಂದೇ ವರ್ಷ. ಆದರೂ ರಸ್ತೆಯಲ್ಲಿ ಸತ್ತ ಸೈಕಲ್ ಸವಾರರ ಸಂಖ್ಯೆ ಪೊಲೀಸ್ ವರದಿಯಲ್ಲಿ ಒಂದು, ಆರೋಗ್ಯ ಇಲಾಖೆಯ ಪಟ್ಟಿಯಲ್ಲಿ ಇನ್ನೊಂದು. ಯಾವುದನ್ನು ನಂಬಬೇಕು? ಸಂಖ್ಯೆ ಏರಿದರೆ ಸೈಕಲ್ ತುಳಿಯುವುದು ಹೆಚ್ಚು ಅಪಾಯ ಆಗಿದೆ ಅಂತ ಹೇಳಬಹುದಾ? ನಿಮ್ಮ ಪ್ರಶ್ನೆ ಇಷ್ಟೇ ಅಲ್ವಾ? ಈ ಪಟ್ಟಿಗಳನ್ನು ಆಗಾಗ ಕೆದಕುವ ಚಟ ನನಗಿದೆ. ನನ್ನ ಪ್ರಕಾರ ಸಾಮಾನ್ಯವಾಗಿ ಎರಡೂ ಸುಳ್ಳಲ್ಲ. ಯಾರನ್ನು ಎಣಿಸಬೇಕು ಅನ್ನುವುದರಲ್ಲೇ ಇಬ್ಬರ ನಿಯಮ ಬೇರೆ.

ಮೊದಲು ದಿನಗಳ ವಿಷಯ. ಅಪಘಾತವಾದ 30 ದಿನದೊಳಗೆ ತೀರಿಕೊಂಡರೆ ಮಾತ್ರ ರಸ್ತೆ ಸಾವು ಅಂತ ಬರೆಯುವುದು ಈಗ ಹೆಚ್ಚಿನ ದೇಶಗಳ ರೂಢಿ. ಫ್ರಾನ್ಸ್‌ನಲ್ಲಿ 2004ರವರೆಗೆ ಅದು 6 ದಿನ ಇತ್ತು. ಜಪಾನಿನ ಪೊಲೀಸರು 24 ಗಂಟೆಯ ಲೆಕ್ಕವನ್ನೂ ಕೊಡುತ್ತಾರೆ, 30 ದಿನದ್ದನ್ನೂ ಕೊಡುತ್ತಾರೆ. ತಲೆಗೆ ಪೆಟ್ಟು ಬಿದ್ದು ಐದು ವಾರ ಆಸ್ಪತ್ರೆಯಲ್ಲಿದ್ದು ತೀರಿಕೊಂಡವರು ಈ ನಿಯಮದಲ್ಲಿ ಗಾಯಾಳುವಾಗಿಯೇ ಉಳಿಯುತ್ತಾರೆ. ಆರೋಗ್ಯ ಇಲಾಖೆ ನೋಡುವುದು ಮರಣದ ಕಾರಣದ ದಾಖಲೆಯನ್ನು. ಅಂತರರಾಷ್ಟ್ರೀಯ ರೋಗ ವರ್ಗೀಕರಣದ ಹತ್ತನೇ ಆವೃತ್ತಿಯಲ್ಲಿ ವಿ10ರಿಂದ ವಿ19ರವರೆಗಿನ ಸಂಕೇತಗಳು ಸೈಕಲ್ ಸವಾರರಿಗೆ ಮೀಸಲು. ಆದರೆ ವೈದ್ಯರು ಸುಮ್ನೆ ‘ವಾಹನ ಅಪಘಾತ’ ಅಂತ ಬರೆದುಬಿಟ್ಟರೆ ಸೈಕಲ್ಲೇ ಕಾಣೆಯಾಗುತ್ತದೆ. ಅಂದರೆ ಇಲ್ಲೂ ಸೋರಿಕೆ ಇದೆ, ಬೇರೆ ಜಾಗದಲ್ಲಿ.

ಇದಕ್ಕಿಂತ ದೊಡ್ಡ ವ್ಯತ್ಯಾಸ ಬರುವುದು ಒಬ್ಬರೇ ಬಿದ್ದು ಸತ್ತವರ ವಿಷಯದಲ್ಲಿ. ಅಮೆರಿಕದಲ್ಲಿ 1975ರಿಂದ ನಡೆದುಬಂದಿರುವ ರಸ್ತೆ ಸಾವಿನ ಕೇಂದ್ರ ದಾಖಲೆಗೆ ಸೇರಬೇಕಾದರೆ ಸಾರ್ವಜನಿಕ ರಸ್ತೆಯಾಗಿರಬೇಕು, ಅಪಘಾತದಲ್ಲಿ ಮೋಟಾರು ವಾಹನ ಇರಲೇಬೇಕು. 2022ಕ್ಕೆ ಅದು ಕೊಡುವ 1,105 ಸೈಕಲ್ ಸಾವುಗಳಲ್ಲಿ ಗುಂಡಿಗೆ ಬಿದ್ದು ಸತ್ತವರು ಇಲ್ಲ. ನೆದರ್ಲೆಂಡ್ಸ್ ಹಾಗಲ್ಲ. ಅಲ್ಲಿನ ಅಂಕಿಅಂಶ ಸಂಸ್ಥೆ ಪೊಲೀಸ್ ವರದಿ, ಮರಣ ಕಾರಣದ ದಾಖಲೆ, ನ್ಯಾಯಾಂಗ ಇಲಾಖೆಯ ಕಡತ ಮೂರನ್ನೂ ಹೊಂದಿಸಿ ನೋಡುತ್ತದೆ. 2023ರಲ್ಲಿ ಅಲ್ಲಿ ರಸ್ತೆಯಲ್ಲಿ ಸತ್ತವರು 684. ಅವರಲ್ಲಿ 270 ಮಂದಿ ಸೈಕಲ್ ಸವಾರರು, ಹೆಚ್ಚಿನವರು ಅರವತ್ತು ದಾಟಿದವರು. ಕಾರಿನಲ್ಲಿದ್ದು ಸತ್ತವರಿಗಿಂತ ಇದು ಜಾಸ್ತಿ. ಸೈಕಲ್‌ಗೆ ಹೆಸರಾದ ದೇಶದಲ್ಲೇ ಹೀಗಾ ಅಂತ ಗಾಬರಿ ಬೀಳುವವರಿದ್ದಾರೆ. ಅಲ್ಲಿ ಜನ ಎಷ್ಟು ತುಳಿಯುತ್ತಾರೆ, ಎಣಿಕೆ ಎಷ್ಟು ಗಟ್ಟಿ ಅನ್ನುವುದನ್ನು ಅವರು ನೋಡಿರುವುದಿಲ್ಲ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಇದಕ್ಕೆ ಗ್ರೇಟ್ ಬ್ರಿಟನ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 2019ರಲ್ಲಿ ಅಲ್ಲಿ 100 ಸೈಕಲ್ ಸವಾರರು ಸತ್ತರು, 2020ರಲ್ಲಿ 141. ಇಷ್ಟನ್ನೇ ನೋಡಿದರೆ ಅನಾಹುತ. ಆದರೆ ಅದು ಕೊರೋನಾ ವರ್ಷ. ರಸ್ತೆ ಖಾಲಿ, ಜನ ಸೈಕಲ್ ಹೊರತೆಗೆದರು, ತುಳಿದ ಒಟ್ಟು ದೂರ ಸುಮಾರು ಶೇ 46ರಷ್ಟು ಏರಿತು. ಸಾವು ಏರಿದ್ದು ಶೇ 41. ಮೈಲಿಗೆ ಇಷ್ಟು ಸಾವು ಅಂತ ಭಾಗಿಸಿದರೆ ಅಪಾಯ ಹೆಚ್ಚಿರಲಿಲ್ಲ, ತುಸು ಇಳಿದೇ ಇತ್ತು. 2023ಕ್ಕೆ ಸಾವು 87ಕ್ಕೆ ಬಂತು. ಅದನ್ನೂ ದೂರದ ಜೊತೆಗಿಟ್ಟೇ ಓದಬೇಕು. ಜನ ಹೆದರಿ ಸೈಕಲ್ ಮೂಲೆಗಿಟ್ಟರೂ ಸಾವು ಇಳಿಯುತ್ತದೆ, ಅದನ್ನು ಸುರಕ್ಷತೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಒಂದು ತಕರಾರು ಇಲ್ಲಿದೆ. ಸಾವನ್ನು ಒಂದೊಂದಾಗಿ ಎಣಿಸುತ್ತಾರೆ. ದೂರವನ್ನು ಮಾತ್ರ ಕೆಲವು ರಸ್ತೆಗಳಲ್ಲಿ ಎಣಿಸಿ ಉಳಿದದ್ದಕ್ಕೆ ಅಂದಾಜು ಮಾಡುತ್ತಾರೆ. ಎಷ್ಟೋ ದೇಶಗಳಲ್ಲಿ ಆ ಅಂದಾಜೂ ಇಲ್ಲ. ಅಂಥ ಕಡೆ ಅಪಾಯ ಏರಿತು, ಇಳಿಯಿತು ಅಂತ ಯಾರಾದರೂ ಗಟ್ಟಿಯಾಗಿ ಹೇಳಿದರೆ ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಒಂದೇ ನಗರದ ಲೆಕ್ಕವಾದರೆ ಇನ್ನೂ ಹುಷಾರಾಗಿರಿ. 2019ರಲ್ಲಿ ಓಸ್ಲೋದಲ್ಲಿ ಒಬ್ಬ ಸೈಕಲ್ ಸವಾರನೂ, ಒಬ್ಬ ಪಾದಚಾರಿಯೂ ಸಾಯಲಿಲ್ಲ. ವರ್ಷಗಟ್ಟಲೆ ವಾಹನಗಳ ವೇಗ ಇಳಿಸಿ ಪಡೆದ ಫಲ ಅದು, ನಿಜ. ಆದರೆ ಸೊನ್ನೆಯ ಮುಂದಿನ ವರ್ಷ ಇಬ್ಬರು ಸತ್ತರೆ ‘ಪರಿಸ್ಥಿತಿ ಹದಗೆಟ್ಟಿತು’ ಅನ್ನಲಾಗದು. ಇಷ್ಟು ಸಣ್ಣ ಸಂಖ್ಯೆಗಳಿದ್ದರೆ ಐದು ವರ್ಷದ ಸರಾಸರಿ ಹಿಡಿಯಿರಿ.

ಜಾಗತಿಕ ಲೆಕ್ಕ ಬೇಕಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿ ನೋಡಿ. 2021ರಲ್ಲಿ ರಸ್ತೆಯಲ್ಲಿ ಸತ್ತವರು ಸುಮಾರು 11.9 ಲಕ್ಷ, ಅದರಲ್ಲಿ ಸೈಕಲ್ ಸವಾರರು ಶೇ 6. ಇದು ಅಂದಾಜು, ಸರ್ಕಾರಗಳು ಕೊಟ್ಟದ್ದರ ಬರೀ ಮೊತ್ತ ಅಲ್ಲ. ಭಾರತವನ್ನೇ ನೋಡಿ. ಆ ವರ್ಷದ ಸರ್ಕಾರಿ ಸಂಖ್ಯೆ 1,53,972. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಎರಡು ಲಕ್ಷ ದಾಟುತ್ತದೆ.

ನಿಮಗೆ ಬೇಕಿರುವುದು ಯಾವ ತಿರುವಿನಲ್ಲಿ, ಯಾವ ವಾಹನ ಗುದ್ದಿ ಸತ್ತರು ಅನ್ನುವ ವಿವರವಾದರೆ ಪೊಲೀಸ್ ಪಟ್ಟಿ ಹಿಡಿಯಿರಿ, ಅದು ಇನ್ನೆಲ್ಲೂ ಸಿಗಲಿಕ್ಕಿಲ್ಲ. ಒಟ್ಟು ಎಷ್ಟು ಜನ ಅಂತ ತಿಳಿಯಬೇಕಾದರೆ ಆರೋಗ್ಯ ಇಲಾಖೆಯದ್ದನ್ನೂ ಪಕ್ಕದಲ್ಲಿಡಿ. ಮತ್ತೆ, ಸಾವಿನ ಲೆಕ್ಕಕ್ಕೇ ಇಷ್ಟು ಗೊಂದಲ ಇದ್ದರೆ ಗಾಯಾಳುಗಳದ್ದು ಇನ್ನೂ ಕಷ್ಟ. ಸೈಕಲ್‌ನಿಂದ ಬಿದ್ದು ಕೈ ಮುರಿದುಕೊಂಡವರು ನೇರ ಆಸ್ಪತ್ರೆಗೆ ಹೋಗುತ್ತಾರೆ, ಠಾಣೆಗೆ ಯಾಕೆ ಹೋಗ್ತಾರೆ ಹೇಳಿ?