ಓದುಗರ ಪ್ರಶ್ನೆ, ನಮ್ಮ ಉತ್ತರ: ಸುರ್ಕಿ ಗಾರೆ, ಹೊಸ ಸಿಮೆಂಟು, ಕಾಫಿ ಚರಟ

ಮನೆ ಕಟ್ಟುವ ಸಾಮಗ್ರಿಗಳ ಬಗ್ಗೆ ವಿಶ್ವವಿದ್ಯಾಲಯಗಳಲ್ಲಿ ನಡೆಯುತ್ತಿರುವ ಹೊಸ ಸಂಶೋಧನೆ ಕುರಿತು ಏನು ಬೇಕಾದರೂ ಕೇಳಿ ಅಂದಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಈಗ ಮನೆ ಕಟ್ಟಿಸುತ್ತಿರುವವರದ್ದೇ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ರೋಮನ್ನರ ಕಾಂಕ್ರೀಟ್ ತನ್ನ ಬಿರುಕನ್ನು ತಾನೇ ಮುಚ್ಚಿಕೊಳ್ಳುತ್ತದಂತೆ, ಎರಡು ಸಾವಿರ ವರ್ಷ ನಿಂತಿದೆಯಂತೆ. ನಮ್ಮ ತಾರಸಿ ಹದಿನೈದೇ ವರ್ಷಕ್ಕೆ ಕೆಳಗಿನಿಂದ ಉದುರುತ್ತಿದೆ. ಅವರಿಗಿದ್ದ ವಿದ್ಯೆ ನಮಗಿಲ್ಲವೇ? (ತುಮಕೂರಿನ ಓದುಗರು)

ಉತ್ತರ: ನೀವು ಓದಿದ್ದು ನಿಜ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಅಡ್ಮಿರ್ ಮಾಸಿಚ್ ಮತ್ತು ಜೊತೆಗಾರರು 2023ರ ಜನವರಿಯಲ್ಲಿ ಇದನ್ನು ಪ್ರಕಟಿಸಿದರು. ಅವರು ಇಟಲಿಯ ಪ್ರಿವರ್ನಮ್ ಎಂಬ ಹಳೇ ಊರಿನ ಕೋಟೆ ಗೋಡೆಯ ತುಂಡುಗಳನ್ನು ಪರೀಕ್ಷೆ ಮಾಡಿದರು. ಅದರಲ್ಲಿ ಅಲ್ಲಲ್ಲಿ ಸಾಸಿವೆ, ಕಡಲೆ ಕಾಳಿನಷ್ಟು ಬಿಳೀ ಸುಣ್ಣದ ಉಂಡೆಗಳಿದ್ದವು. ಸರಿಯಾಗಿ ಕಲಸಿಲ್ಲ, ಅದಕ್ಕೇ ಉಂಡೆ ಉಳಿದಿದೆ ಅಂತ ಮೊದಲೆಲ್ಲ ಅಂದುಕೊಂಡಿದ್ದರು. ಮಾಸಿಚ್ ತಂಡ ಹೇಳಿದ್ದೇ ಬೇರೆ. ರೋಮನ್ನರು ಸುಟ್ಟ ಸುಣ್ಣವನ್ನು ಮೊದಲು ನೀರಲ್ಲಿ ಅರಳಿಸದೆ, ಹಾಗೇ ಜ್ವಾಲಾಮುಖಿ ಬೂದಿಯ ಜೊತೆ ಹಾಕಿ, ಆಮೇಲೆ ನೀರು ಬಿಟ್ಟು ಕುದಿಯುವ ಹಾಗಿರುವಾಗಲೇ ಕಲಸುತ್ತಿದ್ದರು. ಆಗ ಈ ಉಂಡೆಗಳು ಒಳಗೇ ಉಳಿಯುತ್ತವೆ. ಮುಂದೆ ಬಿರುಕು ಬಿಟ್ಟರೆ ಅದು ಈ ಮೆತ್ತನೆಯ ಉಂಡೆಗಳನ್ನೇ ಸೀಳಿಕೊಂಡು ಹೋಗುತ್ತದೆ. ಮಳೆ ನೀರು ಒಳಗಿಳಿದಾಗ ಸುಣ್ಣ ಕರಗಿ, ಬಿರುಕಿನಲ್ಲಿ ಮತ್ತೆ ಹರಳುಗಟ್ಟಿ ಅದನ್ನು ಮುಚ್ಚುತ್ತದೆ. ಹೀಗೇ ಕಲಸಿದ ಹೊಸ ಕಾಂಕ್ರೀಟನ್ನು ಬೇಕಂತಲೇ ಸೀಳಿ ನೀರು ಹರಿಸಿದರು. ಎರಡು ವಾರದೊಳಗೆ ನೀರು ಹರಿಯುವುದು ನಿಂತಿತು. ಸುಟ್ಟ ಸುಣ್ಣ ಹಾಕದೆ ಕಲಸಿದ್ದು ಮುಚ್ಚಿಕೊಳ್ಳಲೇ ಇಲ್ಲ.

ಆದರೆ ನಿಮ್ಮ ತಾರಸಿ ಉದುರುವುದಕ್ಕೂ ಇದಕ್ಕೂ ಸಂಬಂಧ ಕಮ್ಮಿ. ರೋಮನ್ನರ ಕಾಂಕ್ರೀಟಿನಲ್ಲಿ ಕಂಬಿಯೇ ಇಲ್ಲ. ರೋಮ್‌ನ ಪ್ಯಾಂಥಿಯನ್ ಗುಮ್ಮಟ 43 ಮೀಟರ್ ಅಗಲ, ಅದರೊಳಗೂ ಒಂದು ಕಂಬಿಯಿಲ್ಲ. ಅದಕ್ಕೇ ಅವರು ಕಮಾನು, ಗುಮ್ಮಟ, ದಪ್ಪ ಗೋಡೆ ಕಟ್ಟಿದರು. ನಮಗೆ ಐದು ಇಂಚಿನ ಚಪ್ಪಟೆ ತಾರಸಿ ಬೇಕು, ಹಾಗಾಗಿ ಕಂಬಿ ಬೇಕೇ ಬೇಕು. ಸಿಮೆಂಟಿನ ಕ್ಷಾರಗುಣ ಕಂಬಿಯನ್ನು ಕಾಯುತ್ತದೆ. ಕಂಬಿಯ ಕೆಳಗಿನ ಪದರ ತೆಳ್ಳಗಿದ್ದರೆ ಗಾಳಿ, ತೇವ ಬೇಗ ಒಳಗೆ ಹೋಗಿ ಆ ರಕ್ಷಣೆ ಕಳೆಯುತ್ತದೆ. ಕಂಬಿ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಕೇಳುತ್ತದೆ, ಒಳಗಿಂದ ಒತ್ತಿ ಕಾಂಕ್ರೀಟನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತದೆ.

ನಮ್ಮ ಅಕ್ಕನ ಮನೆಯಲ್ಲಿ ಇದನ್ನೇ ಕಣ್ಣಾರೆ ನೋಡಿದೆ. ಸೆಂಟ್ರಿಂಗ್ ಬಿಚ್ಚಿದ ದಿನವೇ ತಾರಸಿಯ ಅಡಿಯಲ್ಲಿ ಕಂಬಿಯ ಗೆರೆ ಗೆರೆ ಕಾಣುತ್ತಿತ್ತು. ಕೆಲಸ ಹಿಡಿದವರು ಕಂಬಿಯನ್ನು ಶೀಟಿನಿಂದ ಎತ್ತಿ ಹಿಡಿಯುವ ಸಣ್ಣ ತುಂಡು, ಅಂದರೆ ಕವರ್ ಬ್ಲಾಕ್, ಇಟ್ಟಿರಲಿಲ್ಲ, ಕಂಬಿ ನೇರವಾಗಿ ಶೀಟಿನ ಮೇಲೆ ಕೂತಿತ್ತು. ಮೇಲೆ ಪ್ಲಾಸ್ಟರಿಂಗ್ ಮಾಡಿ ಮುಚ್ಚಿದರು. ಒಂಬತ್ತನೇ ಮಳೆಗಾಲಕ್ಕೆ ಅಡುಗೆಮನೆಯ ಮೇಲೆ ಕೋಲಿನಿಂದ ತಟ್ಟಿದರೆ ಟೊಳ್ಳು ಸದ್ದು. ನೀವೂ ಹಾಗೆ ತಟ್ಟಿ ನೋಡಿ. ಟೊಳ್ಳು ಅನ್ನಿಸಿದ ಕಡೆ ಬರೀ ಪ್ಲಾಸ್ಟರ್ ಮೆತ್ತಿಸಬೇಡಿ. ಆ ಜಾಗ ಬಿಡಿಸಿ, ತುಕ್ಕು ಉಜ್ಜಿ, ಕಂಬಿ ಎಷ್ಟು ಸವೆದಿದೆ ಅಂತ ಒಬ್ಬ ಇಂಜಿನಿಯರ್‌ಗೆ ತೋರಿಸಿ.

ಪ್ರಶ್ನೆ: ಕನ್ನಂಬಾಡಿ ಕಟ್ಟೆಯನ್ನು ಸುರ್ಕಿ ಗಾರೆಯಲ್ಲಿ ಕಟ್ಟಿದ್ದು ಅಂತ ನಮ್ಮ ತಾತ ಹೇಳುತ್ತಿದ್ದರು. ಸುರ್ಕಿ ಅಂದರೆ ನಿಜವಾಗಿ ಏನು? ಅದು ಅಷ್ಟು ಚೆನ್ನಾಗಿದ್ದರೆ ಯಾಕೆ ಬಿಟ್ಟರು? (ಶ್ರೀರಂಗಪಟ್ಟಣದ ಓದುಗರು)

ಉತ್ತರ: ನನಗೆ ತುಂಬಾ ಖುಷಿ ಕೊಟ್ಟ ಪ್ರಶ್ನೆ ಇದು. ನಿಮ್ಮ ತಾತ ಹೇಳಿದ್ದು ಸರಿ. 1911ರಲ್ಲಿ ಶುರುವಾದ ಆ ಕಟ್ಟೆಯ ಕಲ್ಲುಗಳನ್ನು ಕೂರಿಸಿದ್ದು ಸುರ್ಕಿ ಗಾರೆಯಲ್ಲಿ. ಜೇಡಿಮಣ್ಣನ್ನು ಸುಟ್ಟು, ಅಥವಾ ಸುಟ್ಟ ಇಟ್ಟಿಗೆಯನ್ನೇ ನುಣ್ಣಗೆ ಪುಡಿ ಮಾಡಿ ಸುಣ್ಣದ ಜೊತೆ ಅರೆಯುತ್ತಿದ್ದರು. ಬರೀ ಸುಣ್ಣದ ಗಾರೆ ಗಟ್ಟಿಯಾಗುವುದು ಗಾಳಿ ತಾಕಿ, ಅದೂ ನಿಧಾನವಾಗಿ. ಸುಟ್ಟ ಜೇಡಿ ಬೆರೆಸಿದರೆ ಅದು ನೀರಿನೊಳಗೂ ಗಟ್ಟಿಯಾಗುತ್ತದೆ, ಯಾಕೆಂದರೆ ಮಣ್ಣನ್ನು ಹದವಾಗಿ ಸುಟ್ಟಾಗ ಅದರೊಳಗಿನ ಜೋಡಣೆ ಸಡಿಲವಾಗಿ ಸುಣ್ಣದ ಜೊತೆ ಸೇರಲು ಕಾದಿರುತ್ತದೆ. ರೋಮನ್ನರಿಗೆ ಜ್ವಾಲಾಮುಖಿ ಬೂದಿ ಮಾಡಿದ ಕೆಲಸವನ್ನೇ ನಮಗೆ ಸುರ್ಕಿ ಮಾಡಿತು.

ಬಿಟ್ಟಿದ್ದು ಯಾಕೆ ಅಂದರೆ ಸಿಮೆಂಟ್ ಬೇಗ ಬಲ ಕೊಡುತ್ತದೆ. ಸುರ್ಕಿಗೆ ಕಾಯಬೇಕು, ಅರೆಯುವ ಕೂಲಿ ಬೇರೆ. ಪ್ರತಿ ಭಟ್ಟಿಯ ಮಣ್ಣೂ ಒಂದೇ ಥರ ಇರುವುದಿಲ್ಲ. ಸಿಮೆಂಟ್ ಚೀಲ ಎಲ್ಲಿ ತಂದರೂ ಹೆಚ್ಚುಕಮ್ಮಿ ಒಂದೇ.

ಈಗ ನೋಡಿ, ಅದೇ ಸುಟ್ಟ ಜೇಡಿ ಮತ್ತೆ ಬಂದಿದೆ. ಹೆಸರು ಎಲ್‌ಸಿ3, ಅಂದರೆ ಸುಣ್ಣದ ಕಲ್ಲು, ಸುಟ್ಟ ಜೇಡಿ ಬೆರೆಸಿದ ಸಿಮೆಂಟ್. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿರುವ ಇಪಿಎಫ್ಎಲ್ ತಾಂತ್ರಿಕ ವಿಶ್ವವಿದ್ಯಾಲಯದ ಕ್ಯಾರೆನ್ ಸ್ಕ್ರಿವೆನರ್, ಕ್ಯೂಬಾದ ಸಂಶೋಧಕರು, ನಮ್ಮ ದಿಲ್ಲಿ, ಮದ್ರಾಸ್, ಬಾಂಬೆ ಐಐಟಿಯವರು ಸೇರಿ ವರ್ಷಗಟ್ಟಲೆ ಇದರ ಹಿಂದೆ ಬಿದ್ದಿದ್ದಾರೆ. ಮಾಮೂಲಿ ಸಿಮೆಂಟಿನಲ್ಲಿ ಹೆಚ್ಚಿನ ಪಾಲು ಕ್ಲಿಂಕರ್. ಸುಣ್ಣದ ಕಲ್ಲು, ಜೇಡಿಯನ್ನು 1450 ಡಿಗ್ರಿಯಲ್ಲಿ ಸುಟ್ಟು ಬರುವ ಕಪ್ಪು ಗುಂಡುಗಳು ಅವು. ಎಲ್‌ಸಿ3ಯಲ್ಲಿ ಕ್ಲಿಂಕರ್ ಅರ್ಧ ಮಾತ್ರ. ಉಳಿದದ್ದು ನೂರಕ್ಕೆ ಸುಮಾರು 30 ಪಾಲು ಸುಟ್ಟ ಜೇಡಿ, 15 ಪಾಲು ಸುಡದ ಸುಣ್ಣದ ಕಲ್ಲಿನ ಪುಡಿ, 5 ಪಾಲು ಜಿಪ್ಸಮ್. ಜೇಡಿ ಸುಡಲು 700ರಿಂದ 850 ಡಿಗ್ರಿ ಸಾಕು. ಇನ್ನೊಂದು ವಿಷಯ ಜನ ಮರೆಯುತ್ತಾರೆ. ಸಿಮೆಂಟ್ ಕಾರ್ಖಾನೆಯ ಇಂಗಾಲದ ಹೊಗೆ ಬರೀ ಕಲ್ಲಿದ್ದಲಿನಿಂದ ಬರುವುದಲ್ಲ, ಅರ್ಧಕ್ಕಿಂತ ಜಾಸ್ತಿ ಸುಣ್ಣದ ಕಲ್ಲಿನ ಒಳಗಿಂದಲೇ ಬರುತ್ತದೆ, ಕಲ್ಲು ಸುಟ್ಟರೆ ಅದು ಬಿಡಲೇಬೇಕು. ಹಾಗಾಗಿ ಸುಡುವ ಕಲ್ಲನ್ನೇ ಕಮ್ಮಿ ಮಾಡುವುದು ದೊಡ್ಡ ಲಾಭ, ಶೇ. 40ರವರೆಗೂ ಹೊಗೆ ಇಳಿಯುತ್ತದೆ. 2023ರಲ್ಲಿ ಇದಕ್ಕೆ ಐಎಸ್ 18189 ಎಂಬ ಭಾರತದ ಮಾನಕವೂ ಬಂತು. ನಿಮ್ಮ ತಾತನ ಕಾಲದ ಮೇಸ್ತ್ರಿಗಳು ಕೈ ಅಂದಾಜಿನಲ್ಲಿ ಮಾಡಿದ್ದನ್ನು ಈಗ ಅಳೆದು ಮಾಡುತ್ತಿದ್ದಾರೆ.

ಪ್ರಶ್ನೆ: ನಮ್ಮದು ಸಮುದ್ರದ ದಂಡೆ. ಉಪ್ಪು ಗಾಳಿಗೆ ಕಂಬಿ ಉಳಿಯುವುದಿಲ್ಲ. ಎಲ್‌ಸಿ3 ನಮಗೆ ಆಗುತ್ತದಾ? (ಕುಂದಾಪುರದ ಓದುಗರು)

ಉತ್ತರ: ಉಪ್ಪಿನ ಮಟ್ಟಿಗೆ ಇದು ನಿಜಕ್ಕೂ ಒಳ್ಳೆಯದು. ಐಐಟಿ ಮದ್ರಾಸಿನವರು ನಡೆಸಿದ ಪರೀಕ್ಷೆಗಳಲ್ಲಿ ಎಲ್‌ಸಿ3 ಕಾಂಕ್ರೀಟಿನೊಳಗೆ ಉಪ್ಪಿನಲ್ಲಿರುವ, ಕಂಬಿಗೆ ತುಕ್ಕು ಹಿಡಿಸುವ ಕ್ಲೋರೈಡ್ ಇಳಿಯುವುದು ಮಾಮೂಲಿ ಸಿಮೆಂಟಿಗಿಂತ ತುಂಬಾ ನಿಧಾನ. ಒಳಗಿನ ಸಣ್ಣ ರಂಧ್ರಗಳು ಇನ್ನೂ ಸಣ್ಣದಾಗುವುದೇ ಕಾರಣ.

ಇದಕ್ಕೊಂದು ಷರತ್ತಿದೆ, ಅದನ್ನೂ ಹೇಳಬೇಕು. ಗಾಳಿಯ ಇಂಗಾಲಾಮ್ಲ ಒಳಗೆ ಹೋಗಿ ಕ್ಷಾರಗುಣ ಇಳಿಸುವ ವಿಷಯದಲ್ಲಿ ಇದು ಮಾಮೂಲಿ ಸಿಮೆಂಟಿಗಿಂತ ಸ್ವಲ್ಪ ಹಿಂದೆ, ಯಾಕೆಂದರೆ ಒಳಗಿರುವ ಸುಣ್ಣವೇ ಕಮ್ಮಿ. ಆದ್ದರಿಂದ ಕವರ್, ಅಂದರೆ ಕಂಬಿಯನ್ನು ಮುಚ್ಚುವ ಕಾಂಕ್ರೀಟ್ ಪದರ ಸರಿಯಾಗಿರಬೇಕು, ಕ್ಯೂರಿಂಗ್, ಅಂದರೆ ಒದ್ದೆಯಾಗಿಟ್ಟು ಗಟ್ಟಿಯಾಗಿಸುವುದು ಪೂರ್ತಿ ಆಗಬೇಕು. ಸಿಮೆಂಟಿಗೆ ಹಾರುಬೂದಿ, ಸುಟ್ಟ ಜೇಡಿ ಇಂಥದ್ದು ಬೆರೆತಿದ್ದರೆ ಕನಿಷ್ಠ 10 ದಿನ, ಸಾಧ್ಯವಾದರೆ 14 ದಿನ ನೀರು ಕಟ್ಟಿ. ಬೆಳಿಗ್ಗೆ ಒಂದು ಸಲ ಪೈಪ್ ಹಿಡಿದು ಒದ್ದೆ ಮಾಡಿದರೆ ಅದು ಕ್ಯೂರಿಂಗ್ ಅಲ್ಲ, ಹನ್ನೊಂದು ಗಂಟೆಗೆ ತಾರಸಿ ಬೆಳ್ಳಗೆ ಒಣಗಿರುತ್ತದೆ. ಗಾರೆಯಿಂದ ಸಣ್ಣ ಬದು ಹಾಕಿ, ಪಾತಿ ಮಾಡಿ, ಎರಡು ಇಂಚು ನೀರು ನಿಲ್ಲಿಸಿ. ಕಂಬಗಳಿಗೆ ಒದ್ದೆ ಗೋಣಿ ಸುತ್ತಿ. ಕಲಸುವಾಗ ಈ ಸಿಮೆಂಟ್ ಸ್ವಲ್ಪ ಬಿಗಿಯಾಗಿರುತ್ತದೆ. ಆಳುಗಳು ಸುಮ್ನೆ ಇನ್ನೊಂದು ಬಕೆಟ್ ನೀರು ಹಾಕಲು ಹೋಗುತ್ತಾರೆ. ಬಿಡಬೇಡಿ, ನೀರು ಹೆಚ್ಚಿಸದೆ ಸಡಿಲ ಮಾಡಲು ಬೆರೆಸುವ ಅಡ್‌ಮಿಕ್ಸ್ಚರ್ ಇದೆ.

ಪ್ರಶ್ನೆ: ಕಾಫಿ ಹಾಕಿದರೆ ಕಾಂಕ್ರೀಟ್ ಗಟ್ಟಿಯಾಗುತ್ತದಂತೆ. ನಮ್ಮ ತೋಟದಲ್ಲಿ ಕಾಫಿ ಸಿಪ್ಪೆ ರಾಶಿ ಬಿದ್ದಿದೆ. ಕಣಕ್ಕೆ ಕಾಂಕ್ರೀಟ್ ಹಾಕಿಸುತ್ತಿದ್ದೇವೆ, ಬೆರೆಸಬಹುದಾ? (ಮೂಡಿಗೆರೆಯ ಓದುಗರು)

ಉತ್ತರ: ದಯವಿಟ್ಟು ಹಾಗೇ ಬೆರೆಸಬೇಡಿ. ಸುದ್ದಿ ನಿಜ, ಅರ್ಧ ಮಾತ್ರ ತಲುಪಿದೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಆರ್‌ಎಂಐಟಿ ವಿಶ್ವವಿದ್ಯಾಲಯದ ರಾಜೀವ್ ರಾಯ್‌ಚಂದ್ ತಂಡ 2023ರಲ್ಲಿ ಇದನ್ನು ಪ್ರಕಟಿಸಿತು. ಅವರು ತೆಗೆದುಕೊಂಡಿದ್ದು ಸಿಪ್ಪೆಯಲ್ಲ, ಡಿಕಾಕ್ಷನ್ ತೆಗೆದ ಮೇಲೆ ಉಳಿಯುವ ಚರಟ. ಅದನ್ನೂ ಹಾಗೇ ಹಾಕಲಿಲ್ಲ. ಗಾಳಿ ಆಡದ ಕಡೆ 350 ಡಿಗ್ರಿಯಲ್ಲಿ ಕಾಯಿಸಿ ಇದ್ದಿಲು ಮಾಡಿ, ಮರಳಿನಲ್ಲಿ ನೂರಕ್ಕೆ 15 ಪಾಲಿನ ಬದಲು ಹಾಕಿದರು. ಬಲ ಸುಮಾರು ಶೇ. 30 ಹೆಚ್ಚಿತು. ಹಸಿ ಚರಟ ಹಾಕಿ ನೋಡಿದ್ದೂ ಉಂಟು, ಆಗ ಬಲ ಕುಸಿಯಿತು, ಯಾಕೆಂದರೆ ಚರಟದಿಂದ ಹೊರಬರುವ ಸಾವಯವ ವಸ್ತುಗಳು ಸಿಮೆಂಟ್ ಗಟ್ಟಿಯಾಗದಂತೆ ತಡೆಯುತ್ತವೆ. ಆಮೇಲೆ ವಿಕ್ಟೋರಿಯಾ ರಾಜ್ಯದ ಗಿಸ್ಬೋರ್ನ್ ಊರಿನಲ್ಲಿ ಕಾಫಿ ಇದ್ದಿಲಿನ ಫುಟ್‌ಪಾತ್ ಹಾಕಿ ಪರೀಕ್ಷೆಗಿಟ್ಟರು.

ನಿಮ್ಮ ಸಿಪ್ಪೆಯಲ್ಲಿ ಸಕ್ಕರೆ ಅಂಶವೂ ಇದೆ, ಸಕ್ಕರೆ ಸಿಮೆಂಟಿಗೆ ಶತ್ರು. ಅದನ್ನು ಗೊಬ್ಬರದ ಗುಂಡಿಗೆ ಹಾಕಿ, ಗಿಡದ ಬುಡಕ್ಕೇ ಹೋಗಲಿ. ಕಣಕ್ಕೆ ತೊಳೆದ ಎಂ-ಸ್ಯಾಂಡ್ ಸಾಕು.

ಪ್ರಶ್ನೆ: ಹಳೇ ಮನೆ ಕೆಡವಿದೆವು, ಎರಡು ಲಾರಿ ಕಾಂಕ್ರೀಟ್ ಚೂರು ಬಿತ್ತು. ಅದರಿಂದ ಮತ್ತೆ ಸಿಮೆಂಟ್ ಮಾಡಲು ಬರುವುದಿಲ್ಲವೇ? (ಬೆಂಗಳೂರಿನ ಓದುಗರು)

ಉತ್ತರ: ಬರುತ್ತದೆ ಅಂತ ಕೇಂಬ್ರಿಡ್ಜ್‌ನ ಸಿರಿಲ್ ಡುನಾಂಟ್ ಮತ್ತು ಜೊತೆಗಾರರು 2024ರಲ್ಲಿ ತೋರಿಸಿದರು. ಹಳೇ ಉಕ್ಕನ್ನು ಕರೆಂಟಿನ ಕುಲುಮೆಯಲ್ಲಿ ಕರಗಿಸುವಾಗ ಮೇಲೆ ಸುಣ್ಣ ಹಾಕುತ್ತಾರೆ, ಅದು ಕೊಳೆ ಎಳೆದುಕೊಂಡು ತೇಲುತ್ತದೆ. ಆ ಸುಣ್ಣದ ಬದಲು ಹಳೇ ಕಾಂಕ್ರೀಟಿನಿಂದ ಬಿಡಿಸಿದ ಸಿಮೆಂಟ್ ಪುಡಿ ಹಾಕಿದರು. ಮೇಲೆ ತೇಲಿದ್ದನ್ನು ಬೇಗ ತಣಿಸಿ ಪುಡಿ ಮಾಡಿದರೆ ಅದೇ ಹೊಸ ಕ್ಲಿಂಕರ್. ಒಂದೇ ಬೆಂಕಿಯಲ್ಲಿ ಉಕ್ಕೂ ಆಯಿತು, ಸಿಮೆಂಟೂ ಆಯಿತು. ನಿಮ್ಮ ಎರಡು ಲಾರಿಗೆ ಇದು ಇವತ್ತು ಸಿಗುವ ದಾರಿಯಲ್ಲ. ಚೂರನ್ನು ಕೆರೆಗೆ ಸುರಿಯುವವರ ಕೈಗೆ ಕೊಡಬೇಡಿ, ನೆಲಗಟ್ಟಿನ ಅಡಿಗೆ ತುಂಬಿಸಿ ಅಥವಾ ಪುಡಿ ಮಾಡುವ ಘಟಕಕ್ಕೆ ಕಳಿಸಿ.

ಪ್ರಶ್ನೆ: ಮಣ್ಣಿನ ಬ್ಲಾಕ್‌ನಲ್ಲಿ ಮನೆ ಕಟ್ಟುವ ಆಸೆ. ಮನೆಯವರು ಮಳೆಗೆ ಕರಗುತ್ತದೆ ಅಂತ ಹೆದರಿಸುತ್ತಾರೆ. (ದಾವಣಗೆರೆಯ ಓದುಗರು)

ಉತ್ತರ: ನಮ್ಮ ನಾಡಿನಲ್ಲೇ ಬೆಳೆದ ಸಂಶೋಧನೆ ಇದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಎಂಬ ಕೇಂದ್ರ ಶುರು ಮಾಡಿದರು. ಅಲ್ಲಿ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮುಂತಾದವರು ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಕೈಯಿಂದ ಒತ್ತುವ ಯಂತ್ರದಲ್ಲಿ ಬ್ಲಾಕ್ ಮಾಡುವುದನ್ನು ಹದಕ್ಕೆ ತಂದರು. ಸುಡುವ ಕೆಲಸವೇ ಇಲ್ಲ. ಸುಟ್ಟ ಇಟ್ಟಿಗೆಗೆ ಬೇಕಾದ ಶಕ್ತಿಯ ನಾಲ್ಕನೇ ಒಂದು ಭಾಗ ಸಾಕು ಅಂತ ಅವರಿಬ್ಬರ 2003ರ ಲೆಕ್ಕ.

ಕರಗುವ ಭಯಕ್ಕೆ ಉತ್ತರ ಮಣ್ಣಿನಲ್ಲೇ ಇದೆ. ನೇರ ಗೋಡೆಯ ಗಾಜಿನ ಬಾಟಲಿಗೆ ಮೂರನೇ ಒಂದು ಪಾಲು ಮಣ್ಣು, ಮೇಲೆ ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಡಿ. ಮರಳು ಕಣ್ಣೆದುರಿಗೇ ಕೂರುತ್ತದೆ. ಅದರ ಮೇಲೆ ನಿಧಾನವಾಗಿ ನುಣ್ಣನೆಯ ಧೂಳಿನ ಪದರ. ಜೇಡಿ ಇಳಿಯಲು ಇಡೀ ರಾತ್ರಿ ಬೇಕು. ಬೆಳಿಗ್ಗೆ ಸ್ಕೇಲ್ ಇಟ್ಟು ಅಳೆಯಿರಿ. ಮರಳು ಮೂರನೇ ಎರಡು ಪಾಲಿನಷ್ಟಿದ್ದು ಜೇಡಿ ನೂರಕ್ಕೆ ಹತ್ತು-ಹದಿನೈದು ಪಾಲು ಇದ್ದರೆ ಒಳ್ಳೇ ಮಣ್ಣು, ಶೇ. 7-8 ಸಿಮೆಂಟ್ ಹಾಕಿ ಒತ್ತಿಸಬಹುದು. ಜೇಡಿ ಜಾಸ್ತಿಯಿದ್ದರೆ ಎಂ-ಸ್ಯಾಂಡ್ ಬೆರೆಸಿ. ನಿಮ್ಮ ಕಡೆ ಕೆಂಪು ಮಣ್ಣೂ ಇದೆ, ಎರೆಯೂ ಇದೆ. ಎರೆ ಮಣ್ಣು ಬೇಡ, ಅದು ನೀರಿಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ಒತ್ತಿದ ಬ್ಲಾಕನ್ನು ಹುಲ್ಲು ಹೊದಿಸಿ ಮೂರು ವಾರ ಒದ್ದೆಯಾಗಿಡಿ. ಆಮೇಲೆ ಒಂದು ಬ್ಲಾಕನ್ನು ಮನೆಯವರ ಎದುರೇ ಬಕೆಟ್ ನೀರಿನಲ್ಲಿ ಎರಡು ದಿನ ಮುಳುಗಿಸಿಡಿ, ಅಂಚು ಉಗುರಿಗೆ ಉದುರುತ್ತದಾ ಅಂತ ಅವರೇ ಗೀರಿ ನೋಡಲಿ. ಚಾವಣಿ ಗೋಡೆಯಿಂದ ಎರಡು ಅಡಿ ಹೊರಗೆ ಚಾಚಿರಲಿ.

ಪ್ರಶ್ನೆ: ನಾನು ಸಿವಿಲ್ ಕೊನೇ ವರ್ಷ. ಕಾಲೇಜಿನ ಲ್ಯಾಬ್ ಸಣ್ಣದು. ಯಾವ ಪ್ರಾಜೆಕ್ಟ್ ಮಾಡಲಿ? (ಹುಬ್ಬಳ್ಳಿಯ ವಿದ್ಯಾರ್ಥಿನಿ)

ಉತ್ತರ: ಖಾನಾಪುರದ ಹೆಂಚು, ಇಟ್ಟಿಗೆ ನಿಮಗೆ ಹತ್ತಿರ ಅಲ್ವಾ? ಅಲ್ಲಿಂದ ಒಡೆದ ಹೆಂಚು ಒಂದು ಚೀಲ ತನ್ನಿ. ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿದು ಸಿಮೆಂಟಿನ ಬದಲು ಶೇ. 10, 20, 30 ಹಾಕಿ. ಏನೂ ಹಾಕದ್ದು ಒಂದು. ದೊಡ್ಡ ಕ್ಯೂಬ್ ಬೇಡ, 70.6 ಮಿಲಿಮೀಟರಿನ ಗಾರೆ ಕ್ಯೂಬ್ ಸಾಕು, ಸಾಮಾನೂ ಉಳಿಯುತ್ತದೆ. 7, 28, 90 ದಿನಕ್ಕೆ ಮೂರು ಮೂರು ಒಡೆಯಿರಿ, 28ಕ್ಕೇ ನಿಲ್ಲಿಸಬೇಡಿ, ಸುರ್ಕಿ ಥರದ್ದು ಮೇಲೇಳುವುದೇ ಆಮೇಲೆ. ಇವು 36 ಆದವು. ಇನ್ನು 12 ಕ್ಯೂಬ್ ಜಾಸ್ತಿ ಮಾಡಿ, ಮೂರೇ ದಿನ ನೀರಲ್ಲಿಟ್ಟು ಆಮೇಲೆ ಕಾಲೇಜಿನ ತಾರಸಿ ಮೇಲೆ ಬಿಸಿಲಿಗೆ ಹಾಕಿ, 28ನೇ ದಿನ ಒಡೆಯಿರಿ. ಕಟ್ಟಡದ ಕೆಲಸದಲ್ಲಿ ನಿಜವಾಗಿ ನಡೆಯುವುದು ಅದೇ. ಬಂದ ಅಂಕಿಗಳನ್ನು ನಮಗೆ ಕಳಿಸಿ, ಕಮ್ಮಿ ಬಂದರೂ ಕಳಿಸಿ. ಇದೇ ಪುಟದಲ್ಲಿ ಹಾಕುತ್ತೇವೆ.