ಕಾಗೆ ತೋರಿಸಿದರೆ ಅಜ್ಜನ ಮುಖ ನೋಡುವ ಮಗು

ಕಾಸರಗೋಡಿನ ಬದಿಯಡ್ಕದ ಕಡೆಯಿಂದ ಪತ್ರ ಬರೆದ ಸಹೋದರಿಗೆ ನಮಸ್ಕಾರ.

ನಿಮ್ಮ ಎರಡೂವರೆ ವರ್ಷದ ಮಗನಿಗೆ ವಿಲಿಯಮ್ಸ್ ಸಿಂಡ್ರೋಮ್, ಅಂದರೆ ಬೆಳವಣಿಗೆಯನ್ನು ತಡವಾಗಿಸುವ ಒಂದು ಹುಟ್ಟು ಸ್ಥಿತಿ, ಇದೆ ಎಂದು ರಕ್ತಪರೀಕ್ಷೆಯಿಂದ ತಿಳಿದಿದೆ. ಅಂಗಳಕ್ಕೆ ಯಾರು ಕಾಲಿಟ್ಟರೂ ನಗುತ್ತಾನೆ, ಹದಿನೈದು ಶಬ್ದ ಹೇಳುತ್ತಾನೆ. ಮತ್ತೇಕೆ ಚಿಂತೆ ಎನ್ನುವುದು ಮನೆಯವರ ಮಾತು. ಮಾತಿನ ತರಬೇತಿ ಕೊಡುವವರು ಮನೆಯಲ್ಲೂ ಮಲಯಾಳವನ್ನೇ ಆಡಿ ಎಂದಿದ್ದಾರೆ. "ಬಸುರಿಯಾಗಿದ್ದಾಗ ನಾನೇ ಏನಾದರೂ ತಪ್ಪಿದೆನೇ?" ಎಂದು ಕೊನೆಯಲ್ಲಿ ಕೇಳಿದ್ದೀರಿ.

ಮೊದಲು ಆ ಕೊನೆಯ ಪ್ರಶ್ನೆ. ಇಲ್ಲ, ನೀವೇನೂ ತಪ್ಪಿಲ್ಲ. ಏಳನೆಯ ಕ್ರೋಮೋಸೋಮಿನ ಒಂದು ಸಣ್ಣ ತುಂಡು, ಸುಮಾರು 26ರಿಂದ 28 ಜೀನ್‌ಗಳಿರುವ ತುಂಡು, ಇಲ್ಲವಾಗಿರುವುದೇ ಈ ಸ್ಥಿತಿಗೆ ಕಾರಣ. ಹೆಚ್ಚಿನ ಮಕ್ಕಳಲ್ಲಿ ಅಂಡಾಣು ಅಥವಾ ವೀರ್ಯಾಣು ರೂಪುಗೊಳ್ಳುವಾಗಲೇ, ಅಂದರೆ ಗರ್ಭ ಕಟ್ಟುವ ಮೊದಲೇ, ಅದು ಆಗಿಹೋಗಿರುತ್ತದೆ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ನೆಲ ನಮ್ಮದು. ಇಲ್ಲಿ ಯಾವ ಮಗುವಿನ ಬೆಳವಣಿಗೆ ತಡವಾದರೂ ಮನಸ್ಸು ಅತ್ತ ಹೋಗುವುದು ಸಹಜ. ಆದರೆ ನಿಮ್ಮ ಮಗನ ವಿಷಯದಲ್ಲಿ ಪರೀಕ್ಷೆ ಕಾರಣವನ್ನು ತೋರಿಸಿಕೊಟ್ಟಿದೆ. ನಾಗದೋಷ ಎಂದವರ ಮಾತನ್ನೂ ಅಲ್ಲಿಗೇ ಬಿಡಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ನಿಮ್ಮ ಪತ್ರದ ನಡುವಿನ ಒಂದು ಸಾಲು: "ಅಜ್ಜ ಕಂಗಿನ (ಅಡಿಕೆ ಮರದ) ತುದಿಯ ಕಾಗೆಯನ್ನು ಬೆರಳು ಮಾಡಿ ತೋರಿಸಿದರೆ ಇವನು ಅಜ್ಜನ ಮುಖವನ್ನೇ ನೋಡುತ್ತಾನೆ." ವೈದ್ಯರು ಪುಟಗಟ್ಟಲೆ ಬರೆಯುವುದನ್ನು ನೀವು ಒಂದೇ ಸಾಲಿನಲ್ಲಿ ಕಂಡಿದ್ದೀರಿ. ಸಾಮಾನ್ಯವಾಗಿ ಮಗು ವರ್ಷ ತುಂಬುವ ಹೊತ್ತಿಗೆ ಬೆರಳು ಮಾಡಲು ಕಲಿಯುತ್ತದೆ, ಮಾತು ಅದರ ಹಿಂದೆ ಬರುತ್ತದೆ. ವಿಲಿಯಮ್ಸ್ ಸಿಂಡ್ರೋಮ್ ಇರುವ ಅನೇಕ ಮಕ್ಕಳಲ್ಲಿ ಈ ಕ್ರಮ ತಿರುಗಿರುತ್ತದೆ: ಶಬ್ದಗಳು ಮೊದಲು ಬರುತ್ತವೆ, ಅವೂ ತಡವಾಗಿ, ಬೆರಳು ಇನ್ನೂ ಹಿಂದೆ ಉಳಿಯುತ್ತದೆ. ಮನುಷ್ಯರ ಮುಖ ಇವರನ್ನು ಎಷ್ಟು ಸೆಳೆಯುತ್ತದೆ ಎಂದರೆ ಅಲ್ಲಿಂದ ಕಣ್ಣು ಕಿತ್ತು ವಸ್ತುವಿನತ್ತ ಹೊರಳಿಸುವುದೇ ಕಷ್ಟ. "ಕಾಗೆ" ಎಂಬ ಶಬ್ದ ಕಿವಿಗೆ ಬಿದ್ದ ಗಳಿಗೆಯಲ್ಲಿ ಅವನ ಕಣ್ಣಲ್ಲಿ ಇರುವುದು ಅಜ್ಜ. ಶಬ್ದಕ್ಕೂ ವಸ್ತುವಿಗೂ ಗಂಟು ಬೀಳುವುದು ಹೇಗೆ? ಅವನ ನಗು, ಮಾತು ಕಂಡು ಎಲ್ಲ ಸರಿಯಿದೆ ಎಂದು ಕಾಯುತ್ತ ಕೂರಬಾರದು ಎನ್ನುವುದು ಇದಕ್ಕೇ.

ವಸ್ತುವನ್ನೇ ಮುಖದ ಬಳಿಗೆ ತನ್ನಿ. ಲೋಟವನ್ನು ನಿಮ್ಮ ಕೆನ್ನೆಗೆ ತಾಗಿಸಿ ಹಿಡಿದು ಹೆಸರು ಹೇಳಿ, ಅವನ ನೋಟ ಅದರ ಮೇಲೆ ನಿಂತ ಮೇಲೆ ನಿಧಾನವಾಗಿ ದೂರ ಸರಿಸಿ. ಅವನಾಗಿಯೇ ಏನನ್ನಾದರೂ ನೋಡುತ್ತಿದ್ದರೆ ಆಗಲೇ ಅದರ ಹೆಸರು ಹೇಳಿ, ಅವನ ಬೆರಳು ಹಿಡಿದು ಮುಟ್ಟಿಸಿ. ಮಿಕ್ಸಿ ಹಾಕಿದರೆ ಕಿವಿ ಮುಚ್ಚಿ ಅಳುತ್ತಾನೆ ಎಂದಿದ್ದೀರಲ್ಲ, ಅದು ಹಟವಲ್ಲ. ಈ ಮಕ್ಕಳ ಕಿವಿ ಅಷ್ಟು ಸೂಕ್ಷ್ಮ. ಹಾಕುವ ಮೊದಲು ಹೇಳಿ, ದೂರ ಕೂರಿಸಿ. ಹಾಡು ಇಷ್ಟಪಡುವವನಾದರೆ ಹಾಡಿನಲ್ಲೇ ಕಲಿಸಿ.

ಭಾಷೆಯ ವಿಷಯದಲ್ಲಿ ನನಗೆ ಸಿಟ್ಟೇ ಬಂತು. ತಾಯಿ ತನಗೆ ಸಲೀಸಲ್ಲದ ಭಾಷೆಯಲ್ಲಿ ಮಗುವನ್ನು ಮುದ್ದಿಸಬೇಕೇ? ಕ್ರೋಮೋಸೋಮಿನದೇ ಇನ್ನೊಂದು ಸ್ಥಿತಿಯಾದ ಡೌನ್ ಸಿಂಡ್ರೋಮ್ ಇರುವ ಮಕ್ಕಳ ಅಧ್ಯಯನಗಳಲ್ಲಿ, ಎರಡು ಭಾಷೆ ಕೇಳುತ್ತ ಬೆಳೆದವರು ಒಂದೇ ಭಾಷೆಯವರಿಗಿಂತ ಹಿಂದೆ ಬಿದ್ದದ್ದು ಕಂಡುಬಂದಿಲ್ಲ. ಮನೆಯಲ್ಲಿ ಕನ್ನಡವನ್ನೇ ಧಾರಾಳವಾಗಿ ಆಡಿ. ಅಂಗನವಾಡಿಯ ಮಲಯಾಳ, ನೆರೆಮನೆಯ ತುಳು ತಮ್ಮ ಪಾಡಿಗೆ ಕಿವಿಗೆ ಬೀಳಲಿ. ತರಬೇತಿಯಲ್ಲೂ ಕನ್ನಡ ಬಲ್ಲವರು ಬೇಕೆಂದು ಕೇಳಿ. ಹಾಗೆ ಕೇಳಲು ಸಂಕೋಚ ಬೇಡ.

ಇನ್ನೊಂದು ಮಾತು. ಈ ಸ್ಥಿತಿಯಲ್ಲಿ ರಕ್ತದ ಕ್ಯಾಲ್ಸಿಯಂ ಏರುವ ಸಂಭವವಿದೆ. ವೈದ್ಯರನ್ನು ಕೇಳದೆ ವಿಟಮಿನ್ ಡಿ ಹನಿಗಳನ್ನಾಗಲಿ, ಅದಿರುವ ಟಾನಿಕ್ಕನ್ನಾಗಲಿ ಕೊಡಬೇಡಿ. ಹೃದಯದ ತಪಾಸಣೆಯನ್ನೂ ತಪ್ಪಿಸಬೇಡಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ ನೆರವಿದೆ. ನಿಮ್ಮ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ.

ಅಜ್ಜನಿಗೆ ನನ್ನ ನಮಸ್ಕಾರ ತಿಳಿಸಿ. ಕಾಗೆ ಸ್ವಲ್ಪ ದಿನ ಮರದಲ್ಲೇ ಇರಲಿ. ಅಂಗಳದಲ್ಲಿ ಒಣಗುತ್ತಿರುವ ಅಡಿಕೆಯಲ್ಲಿ ಒಂದನ್ನು ಎತ್ತಿ ಅವರು ತಮ್ಮ ಗಲ್ಲದ ಬಳಿ ಹಿಡಿಯಲಿ, "ಅಡಿಕೆ" ಎನ್ನಲಿ, ಆಮೇಲೆ ಮೊಮ್ಮಗನ ಅಂಗೈಯಲ್ಲಿಡಲಿ.